ಅಜ್ಜಿ ಕೇಳಿದ ಒಂದು ಗುಟುಕು ಹೊಳೆ ನೀರು

ಹೊಳೆಯನ್ನು ತಾಯಿ ಎಂದು ಕರೆಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತುಂಗಭದ್ರೆ ತಾಯಿ, ಗಂಗವ್ವ ತಾಯಿ ಎಂದು ಕೈ ಮುಗಿದು, ಅದೇ ಕೈಯಲ್ಲಿ ತಂಬಿಗೆ ಹಿಡಿದು, ಅದೇ ತಾಯಿಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂರುವ ಮಕ್ಕಳನ್ನು ನಾನು ಹೊನ್ನಾಳಿಯಲ್ಲಿ ದಿನಾ ಬೆಳಿಗ್ಗೆ ನೋಡಿದ್ದೇನೆ. ಥೂ! ಇದನ್ನು ಬರೆಯುವಾಗಲೂ ಮೂಗಿಗೆ ಸೆರಗು ಹಿಡಿಯಬೇಕು ಅನ್ನಿಸುತ್ತದೆ.

ನಾನು ಹುಟ್ಟಿದ್ದು ಜಗಳೂರು ಸೀಮೆಯಲ್ಲಿ, ಬಿಳಿಚೋಡಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಹೊಳೆ ಇಲ್ಲ. ಹಳ್ಳವೂ ಮಳೆ ಬಂದ ದಿನಕ್ಕೆ ಮಾತ್ರ. ಊರಿಗೆಲ್ಲ ಕುಡಿಯುವ ಬಾವಿ ಒಂದೇ, ಅದರ ನೀರೂ ಸವಳು. ಬಾಯಿಗೆ ಹಾಕಿದರೆ ಉಪ್ಪುಪ್ಪು, ಅದರಲ್ಲಿ ಬೇಳೆ ಹಾಕಿದರೆ ಮಧ್ಯಾಹ್ನವಾದರೂ ಬೇಯುತ್ತಿರಲಿಲ್ಲ. ಹಾಗಿದ್ದರೂ ಆ ಬಾವಿಯಿಂದ ಹತ್ತು ಮಾರು ದೂರದಲ್ಲೇ ಚಪ್ಪಲಿ ಬಿಡಬೇಕಿತ್ತು. ಮುಖ ತೊಳೆದ ನೀರು ಕಾಲಿಗೆ, ಕಾಲು ತೊಳೆದ ನೀರು ಹಿತ್ತಲ ಕುಂಬಳದ ಬಳ್ಳಿಗೆ. ಒಂದು ಸಲ ಯಾರೋ ನೆಂಟರವನು ಬಾವಿಕಟ್ಟೆಯ ಮೇಲೆ ಎಲೆಅಡಿಕೆ ಉಗುಳಿದ. ನಮ್ಮಪ್ಪನ ತಾಯಿ, ನನ್ನ ಅಜ್ಜಿ, ಅವನ ಹೆಗಲ ಮೇಲಿನ ವಸ್ತ್ರವನ್ನೇ ಕಿತ್ತುಕೊಂಡು ಅದರಲ್ಲೇ ಕಟ್ಟೆ ಒರೆಸಿ ಮತ್ತೆ ಅವನ ಹೆಗಲಿಗೇ ಹಾಕಿದಳು. ಅವನು ಆಮೇಲೆ ನಮ್ಮೂರಿನ ದಾರಿ ಹಿಡಿಯಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಹೊಸತರಲ್ಲಿ ನನಗೆ ಹೊನ್ನಾಳಿಯ ಸಂಬಂಧ ಕುದುರಿತು. ಚನ್ನಗಿರಿ, ನ್ಯಾಮತಿ ಕಡೆಯಿಂದ ಅಡಿಕೆ ತಂದು ಮಾರುವ ಮನೆ. ಮದುವೆಯ ಮನೆಯಲ್ಲಿ ಎಲ್ಲರೂ ಸೀರೆ, ಒಡವೆಯ ಮಾತಾಡುತ್ತಿದ್ದರೆ ಅಜ್ಜಿಗೆ ಒಂದೇ ಧ್ಯಾನ.

"ಪುಣ್ಯ ಮಾಡೀಯ ಕಣೇ ನೀನು. ನಾನು ಹುಟ್ಟಿದಾಗಿಂದ ಈ ಸವಳೇ ಕುಡಿದೀನಿ. ನೀನು ಸಿಹಿ ನೀರಿನ ಊರಿಗೆ ಹೊಂಟೀಯ. ನಾನು ಸಾಯೋದ್ರೊಳಗೆ ಒಂದು ಗುಟುಕು ಹೊಳೆ ನೀರು ಕಳಿಸೇ ತಾಯಿ, ಅಷ್ಟೇ ಸಾಕು" ಎಂದಳು.

ಕಳಿಸುತ್ತೇನೆ ಎಂದು ಅವಳ ಕೈ ಹಿಡಿದು ಹೇಳಿದೆ. ಹೊಳೆ ದಂಡೆಯ ಊರಿನಲ್ಲಿ ನೀರಿಗೇನು ಬರ ಎಂಬುದು ನನ್ನ ಎಣಿಕೆ.

ಹೊನ್ನಾಳಿಗೆ ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ನನ್ನನ್ನು ನೀರಿಗೆ ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಹೊಳೆ ಸೊರಗಿ ಆಚೆ ದಡಕ್ಕೆ ಸರಿಯುತ್ತದೆ. ಈಚೆ ಬರೀ ಮರಳು. ಆ ಮರಳಿನಲ್ಲಿ ಹೆಂಗಸರು ಮೊಣಕಾಲುದ್ದ ಗುಂಡಿ ತೋಡಿ, ತಳದಲ್ಲಿ ಒಸರುವ ತಿಳಿನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಾರೆ. ಅದಕ್ಕೆ ಒರತೆ ಅನ್ನುತ್ತಾರೆ. ಒಂದೊಂದು ಕೇರಿಗೆ ಒಂದೊಂದು ಒರತೆ. ನೀರು ನಿಜವಾಗಿಯೂ ಕಣ್ಣಿನಷ್ಟು ತಿಳಿ. ಆದರೆ ಅಲ್ಲಿಗೆ ಹೋಗುವ ದಾರಿ ಇದೆಯಲ್ಲ, ದೇವರೇ! ಕಾಲಿಡಲು ಜಾಗವಿಲ್ಲ. ಒಣಗಿದ್ದು, ಹಸಿಯಿದ್ದದ್ದು, ಅದರ ಮೇಲೆ ಗುಂಯ್‌ಗುಟ್ಟುವ ನೊಣ. ಉಗಿದ ಬೇವಿನಕಡ್ಡಿ, ಕ್ಷೌರದ ಕೂದಲು, ಮದುವೆಮನೆಯ ಎಂಜಲೆಲೆ, ಎಂದೋ ಸತ್ತ ಕರುವಿನ ಅರ್ಧ ಪಕ್ಕೆ. ನಾನು ಸೀರೆಯನ್ನು ಮೊಣಕಾಲಿಗೆ ಎತ್ತಿ ಹಾರಿ ಹಾರಿ ಹೋಗುವುದನ್ನು ನೋಡಿ ಅತ್ತೆ ನಕ್ಕರು.

"ಹರಿಯೋ ನೀರಿಗೆ ಎಂಥಾ ಮೈಲಿಗೆನೇ? ಬಯಲುಸೀಮೆಯಿಂದ ಬಂದೋಳು, ನಿಂಗೆ ಹೊಳೆ ಗೊತ್ತಿಲ್ಲ" ಎಂದರು.

ಹೊಳೆ ಗೊತ್ತಿಲ್ಲದಿದ್ದರೂ ಮೂಗಿತ್ತಲ್ಲ! ನಮ್ಮ ಮಾವನವರ ದಿನಚರಿಯನ್ನೇ ಹೇಳುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ತಂಬಿಗೆ ಹಿಡಿದು ಇಳಿದವರು ನಮ್ಮ ಒರತೆಯ ಮೇಲ್ಗಡೆಯೇ ಕೂರುತ್ತಿದ್ದರು. ಆಮೇಲೆ ನೀರಿಗಿಳಿದು ತೊಳೆದುಕೊಂಡು, ಅಲ್ಲೇ ಹಲ್ಲುಜ್ಜಿ, ಕ್ಯಾಕರಿಸಿ ಉಗಿದು, ಮೂರು ಮುಳುಗು ಹಾಕಿ, ನಾಲ್ಕು ಹೆಜ್ಜೆ ಕೆಳಗೆ ಬಂದು ತಾಮ್ರದ ಚೆಂಬಿನಲ್ಲಿ ಪೂಜೆಯ ನೀರು ತುಂಬುತ್ತಿದ್ದರು. ಮನೆಯ ತನಕ ದಾರಿಯಲ್ಲಿ ಒಂದೇ ಕೂಗು: "ಪೂಜೆ ನೀರು ಐತೆ, ಯಾರೂ ಮುಟ್ಟಬ್ಯಾಡ್ರಿ!" ಯಾರಿಗೆ ಬೇಕಿತ್ತು ಅದನ್ನು ಮುಟ್ಟುವುದು. ಒಮ್ಮೆ ಗಂಡನ ಮೂಲಕ ಈ ಮಾತು ಎತ್ತಿಸಿದ್ದಕ್ಕೆ ಮಾವ, "ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಬೇಕೇನು?" ಎಂದು ಬಾಯಿ ಮುಚ್ಚಿಸಿದರು. ಊರಿನ ಗಂಡಸರೆಲ್ಲ ಇದೇ ಗಾದೆಯನ್ನು ನುಂಗಿಕೊಂಡು ಬೆಳೆದವರು.

ನಾನು ಆ ನೀರನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದೆ. ಕುಡಿಯದೆ ಏನು ಮಾಡುವುದು? ಹಿತ್ತಲಲ್ಲಿ ಒಂದು ಬಾವಿಯೇನೋ ಇತ್ತು. ಅದರ ನೀರು ನಮ್ಮೂರಿನದರ ಹಾಗೆಯೇ ಸವಳು, ಪಾತ್ರೆ ತಿಕ್ಕಲು, ಬಚ್ಚಲಿಗೆ ಮಾತ್ರ.

ಮಾರನೆಯ ಬೇಸಿಗೆಯಲ್ಲಿ ಅಪ್ಪ ಬಂದರು. ಯುದ್ಧದಿಂದಾಗಿ ಪೆಟ್ರೋಲ್ ಸಿಗದ ಕಾಲ; ದಾವಣಗೆರೆಯಿಂದ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು, ಮುಖವೆಲ್ಲ ಮಸಿ. ಕಂಕುಳಲ್ಲಿ ಅಜ್ಜಿಯ ಸಣ್ಣ ತಾಮ್ರದ ಬಿಂದಿಗೆ, ಬಾಯಿಗೆ ಒಗೆದ ಬಿಳಿ ಬಟ್ಟೆ ಕಟ್ಟಿತ್ತು.

"ಮುದುಕಿ ಹಾಸಿಗೆ ಹಿಡಿದೈತವ್ವಾ. ಹೊಳೆ ನೀರು, ಹೊಳೆ ನೀರು ಅಂತ ಒಂದೇ ಹಟ. ನಾಳೆ ಮೊದಲ್ನೇ ಬಸ್ಸಿಗೆ ಹೋಗಿಬಿಡ್ತೀನಿ. ನಡಿ, ನಾನೂ ಒಂದು ಮುಳುಗು ಹಾಕಿ ತುಂಬಿಕೊಂಡು ಬರಾನ" ಎಂದರು.

ಬಾವಿಯಿಂದ ಹತ್ತು ಮಾರು ಆಚೆ ಚಪ್ಪಲಿ ಬಿಡುವ ಮನುಷ್ಯನನ್ನು ಆ ಹೊಲಸಿನೊಳಗೆ ಹೇಗೆ ಇಳಿಸಲಿ? ಮರಳು ಕಾದಿದೆ, ಕಾಲು ಸುಟ್ಟುಹೋಗುತ್ತದೆ, ನಾನೇ ತರುತ್ತೇನೆ ಎಂದು ಬಿಂದಿಗೆ ಕಿತ್ತುಕೊಂಡೆ. ಅಪ್ಪ ದಂಡೆಯ ತನಕ ಬಂದು, ಮೇಲಿನಿಂದಲೇ ದೂರದಲ್ಲಿ ಹೊಳೆಯುವ ನೀರಿಗೆ ಕೈ ಮುಗಿದು, ಕೆನ್ನೆ ಬಡಿದುಕೊಂಡು ಮನೆಗೆ ತಿರುಗಿದರು.

ಒರತೆಗೆ ಹೋದೆ. ಅದರಿಂದ ಮೂರು ಹೆಜ್ಜೆಗೆ ಹಸಿಹಸಿಯಾದದ್ದು ಬಿದ್ದಿತ್ತು. ಒಂದು ನಾಯಿ ಅದನ್ನು ಮೂಸಿ, ಬಂದು, ಒರತೆಗೇ ಮೂತಿ ಹಾಕಿ ನೆಕ್ಕುತ್ತಿತ್ತು. ನಾಯಿಯನ್ನು ಓಡಿಸಿ, ಒರತೆ ಬಳಿದು, ಹೊಸ ನೀರು ಒಸರುವ ತನಕ ಕಾದು ಬಿಂದಿಗೆ ತುಂಬಿದೆ. ಎತ್ತಿ ಮೂಗಿನ ಹತ್ತಿರ ಹಿಡಿದೆ. ನೀರಿಗೆ ವಾಸನೆ ಇತ್ತೋ, ನನ್ನ ಮೂಗಿನಲ್ಲೇ ಇತ್ತೋ, ತಟ್ಟನೆ ಮುಖ ತಿರುಗಿಸಿದೆ. ನಾನು ಬೇಕಾದರೆ ಕುಡಿಯುತ್ತೇನೆ, ಇದನ್ನು ಅಜ್ಜಿಗೆ ಕುಡಿಸಲಾರೆ ಎಂದುಕೊಂಡು ಅಷ್ಟನ್ನೂ ಮರಳಿಗೆ ಸುರಿದೆ. ಮನೆಗೆ ಬಂದು ಯಾರೂ ಇಲ್ಲದಾಗ, ಸವಳಾದರೇನು, ಹೊಲಸಿಲ್ಲವಲ್ಲ ಎಂದು ಹಿತ್ತಲ ಬಾವಿಯಿಂದ ಸೇದಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಅಪ್ಪನ ಕೈಗಿಟ್ಟೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

ಯಾರೂ ಇಲ್ಲ ಎಂದುಕೊಂಡಿದ್ದೆ. ಅತ್ತೆ ಒಳಕಲ್ಲಿನ ಹತ್ತಿರ ಕೂತಿದ್ದರು. ನಾಲ್ಕು ದಿನ ಬಿಟ್ಟು ಕೇಳಿದರು. "ಬೀಗರಿಗೆ ಬಾವಿ ನೀರು ತುಂಬಿ ಕಳಿಸಿದೆಯಲ್ಲ, ಯಾಕೆ? ನಮ್ಮ ಹೊಳೆ ಅಷ್ಟು ಕೇಡಾತಾ?"

"ನೀವೇ ಬಂದು ನೋಡಿ ಹೇಳ್ರಿ ಅತ್ತೆ" ಎಂದು ಕೈ ಹಿಡಿದು ಕರೆದುಕೊಂಡು ಹೋದೆ. ಕೊಡವಿಲ್ಲ, ಅವಸರವಿಲ್ಲ, ಒರತೆಯ ಪಕ್ಕದಲ್ಲಿ ಸುಮ್ಮನೆ ನಿಲ್ಲಿಸಿದೆ. ನಲವತ್ತು ವರ್ಷದಿಂದ ದಿನವೂ ಬರುತ್ತಿದ್ದ ಹೆಂಗಸು, ಒಂದು ದಿನವೂ ನಿಂತು ನೋಡಿರಲಿಲ್ಲ. ಈಗ ನೋಡಿದರು. ಸೆರಗು ಮೂಗಿಗೆ ಹೋಯಿತು. "ಇದನ್ನೇ ಏನೇ ನಾನು ಮಕ್ಕಳಿಗೆ ಕುಡಿಸಿದ್ದು?" ಎಂದವರು ಅಲ್ಲೇ ಕೂತು ವಾಂತಿ ಮಾಡಿಕೊಂಡರು.

ಎದ್ದು ಬಾಯೊರೆಸಿಕೊಂಡ ಮೇಲೆ ಅವರು ಬೇರೆಯೇ ಹೆಂಗಸು. "ನಾವು ಹೆಂಗಸರು ಊರಾಚೆ ಹೊಲದ ಬದಿಗೆ ಹೋಗಲ್ವೇನು? ಈ ಗಂಡಸರ ಕಾಲಿಗೇನು ರೋಗ? ಹೇಳಿದ್ರೆ ಕೇಳೋ ಪೈಕಿ ಅಲ್ಲ ಇವು. ಜಾಗನೇ ಹಿಡಿಬೇಕು" ಎಂದರು.

ಕೇರಿಯ ಎಂಟೊಂಬತ್ತು ಹೆಂಗಸರು ಒಟ್ಟಾದರು. ಕೂಲಿಗೆ ಯಾರನ್ನಾದರೂ ಕರೆಸಿ ಬಳಿಸೋಣ ಎಂದು ಒಬ್ಬಳು ಅಂದಾಗ ಅತ್ತೆ ಗದರಿದರು. "ನಮ್ಮ ಮನೆ ಗಂಡಸರದು, ನಾವೇ ಬಳೀಬೇಕು. ಇನ್ನೊಬ್ರ ಕೈಲಿ ಬಳಿಸಿದ್ರೆ ನಮಗೆ ಬುದ್ಧಿ ಬರಲ್ಲ." ಮೂರು ದಿನ ಒಲೆಯ ಬೂದಿ ಚೆಲ್ಲಿ, ಗುದ್ದಲಿಯಲ್ಲಿ ಕೆರೆದು, ಪುಟ್ಟಿಗಟ್ಟಲೆ ಹೊತ್ತು ದೂರದ ತಿಪ್ಪೆಗೆ ಹಾಕಿದೆವು. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ನಾಲಿಗೆಯ ಮೇಲೇ ಬಂದು ಕೂತ ಹಾಗಿತ್ತು ಆ ನಾತ. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಕೈಗೆ ಎಷ್ಟು ಸಲ ಸೀಗೆಪುಡಿ ಹಚ್ಚಿ ತಿಕ್ಕಿದೆನೋ ಲೆಕ್ಕವಿಲ್ಲ.

ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಗಂಡಸರು ಕೂರುವ ಜಾಗದಲ್ಲಿ ನಾವೇ ಸಾಲಾಗಿ ಕೂತುಬಿಟ್ಟೆವು. ಒಬ್ಬಳು ಬೀಸುಕಲ್ಲಿನ ಪದ ಎತ್ತಿಕೊಂಡಳು. ಗಂಡಸರು ಒಬ್ಬೊಬ್ಬರಾಗಿ ತಂಬಿಗೆ ಹಿಡಿದು ಬಂದರು. ಬಂದು ದೂರದಲ್ಲಿ ನಿಂತು ಕೆಮ್ಮಿದರು. ಗಂಡಸು ಕೆಮ್ಮಿದರೆ ಹೆಂಗಸರು ಎದ್ದು ಸರಿಯಬೇಕು, ಅದು ಊರಿನ ವಾಡಿಕೆ. ಅತ್ತೆ ತಿರುಗಿ ಅವರಿಗಿಂತ ಜೋರಾಗಿ ಕೆಮ್ಮಿದರು. ನಾವೆಲ್ಲರೂ ಕೆಮ್ಮಿದೆವು. ಕ್ಷಯದ ಆಸ್ಪತ್ರೆಯ ಹಾಗಿತ್ತು ಹೊಳೆ ದಂಡೆ. ಅಷ್ಟರಲ್ಲಿ ನಮ್ಮ ಮಾವನವರೇ ಬಂದರು.

"ಏನ್ರೀ, ಹೊಲದ ಕಡೆ ದಾರಿ ಗೊತ್ತೈತೋ, ತೋರಿಸಾಕೆ ಬರಬೇಕೋ?" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು.

ಮಾವ ತಂಬಿಗೆಯನ್ನು ಪಂಚೆಯಲ್ಲಿ ಮರೆಮಾಡಿಕೊಂಡು ಹಿಂದಿರುಗಿದರು. ಅಡಿಕೆ ಅಂಗಡಿಯಲ್ಲಿ ಕೂತವರೆಲ್ಲ ಈ ಮಾತನ್ನೇ ಆಡಿಕೊಂಡರಂತೆ. ಎಂಟು ದಿನ ಹೆಂಡತಿಯೊಂದಿಗೆ ಮಾತು ಬಿಟ್ಟರು. ಅತ್ತೆಗೆ ಅದು ಹಬ್ಬವಾಯಿತು.

ಆ ಬೇಸಿಗೆ ಪೂರ್ತಿ, ಅದರ ಮುಂದಿನ ಬೇಸಿಗೆಯೂ ಸರದಿಯ ಮೇಲೆ ಕೂತೆವು. ಒರತೆಯ ಸುತ್ತ ಜಾಲಿಮುಳ್ಳಿನ ಬೇಲಿ ಬಂತು. ಎಮ್ಮೆ ತೊಳೆಯುವುದು ಕೆಳಗಿನ ಮಡುವಿಗೆ ಹೋಯಿತು. ಬೇರೆ ಕೇರಿಯ ಹೆಂಗಸರೂ ತಮ್ಮ ತಮ್ಮ ದಂಡೆ ಹಿಡಿದರು. ಮರಳು ಬೆಳ್ಳಗೆ ಕಾಣತೊಡಗಿದ ಮೇಲೆ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಜನ ಬಂದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಂಡು ಬಂದು ಮರಳಿನ ಮೇಲೆ ಕೂತು ತಿಂದು, ನೀರಿಗೆ ಕಾಲು ಇಳಿಬಿಟ್ಟು ಹೊತ್ತು ಮುಳುಗುವ ತನಕ ಹರಟುತ್ತಿದ್ದರು. ನಾನೂ ಕೂತಿದ್ದೇನೆ, ಸುಖಪಟ್ಟಿದ್ದೇನೆ. ಆದರೆ ಎಲ್ಲರಿಗಿಂತ ಮುಂಚೆ ಬಂದು ಚೊಕ್ಕ ಜಾಗ ಹಿಡಿಯುತ್ತಿದ್ದವರು ಯಾರು ಅಂತೀರಿ? ಅದೇ ಕೆಮ್ಮಿದ ಗಂಡಸರು. ಪರಊರಿನ ವ್ಯಾಪಾರಿಗಳನ್ನು ಕರೆತಂದು, "ನಮ್ಮೂರ ಹೊಳೆ ನೋಡ್ರಿ, ಕನ್ನಡಿ ಇದ್ದಂಗೆ ಇಟ್ಟೀವಿ" ಅನ್ನುತ್ತಿದ್ದರು ನಮ್ಮ ಮಾವ. ಇಟ್ಟಿದ್ದರಂತೆ! ಅವರ ಮುಖಕ್ಕೆ ಒಂದು ಪುಟ್ಟಿ ಬೂದಿ ಸುರಿಯಬೇಕು ಅನ್ನಿಸುತ್ತಿತ್ತು.

ಆ ಎರಡನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನನ್ನ ಸರದಿ. ಬೇಲಿಯ ಹತ್ತಿರ ಕೂತಿದ್ದೆ. ದಂಡೆಯಿಂದ ಅಪ್ಪ ಇಳಿದು ಬರುವುದು ಕಾಣಿಸಿತು. ಚಪ್ಪಲಿಯನ್ನು ಮೇಲೆಯೇ ಬಿಟ್ಟು, ಕಾದ ಮರಳಿನಲ್ಲಿ ಬರಿಗಾಲಲ್ಲಿ ಬರುತ್ತಿದ್ದರು. ಕಂಕುಳಲ್ಲಿ ಅದೇ ತಾಮ್ರದ ಬಿಂದಿಗೆ. ಅಜ್ಜಿ ಮತ್ತೆ ಕೇಳಿದ್ದಾಳೆ! ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ಓಡಿಹೋಗಿ ಬಿಂದಿಗೆ ಕಸಿದುಕೊಂಡೆ. ನೋಡಪ್ಪಾ ನಮ್ಮ ಮರಳು, ನೋಡಪ್ಪಾ ನಮ್ಮ ಬೇಲಿ ಎಂದು ಅವರಿಗೆ ಬಾಯಿ ತೆರೆಯಲು ಬಿಡದೆ ಒದರುತ್ತಾ, ಚಿಪ್ಪಿನಲ್ಲಿ ಮೊಗೆಮೊಗೆದು ಬಿಂದಿಗೆ ತುಳುಕುವಂತೆ ತುಂಬಿದೆ. ಇದನ್ನು ಅಜ್ಜಿಗೆ ಧಾರಾಳವಾಗಿ ಕುಡಿಸಬಹುದಿತ್ತು.

ತಲೆಯೆತ್ತಿ ನೋಡಿದರೆ ಅಪ್ಪ ಹೆಗಲ ವಲ್ಲಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುದುಕಿ ಹೋತವ್ವಾ. ಮಣ್ಣು ಮಾಡಿ ಐದು ದಿನ ಆತು. ಕಾಗದಕ್ಕಿಂತ ನಾನೇ ಬೇಗ ಬರ್ತೀನಿ ಅಂತ ಬಂದೆ. ಈ ಬಿಂದಿಗೆ ನಿನಗೇ ಕೊಡಬೇಕು ಅಂದಿದ್ಲು" ಎಂದರು.

ತುಂಬಿದ ಬಿಂದಿಗೆಯನ್ನು ಮರಳಿನ ಮೇಲೆ ಇಳಿಸಿದೆ. ತಡೆದು ತಡೆದು ಕೇಳಿದೆ, "ಹೋದ ವರ್ಷ ಕೊಟ್ಟ ನೀರು ಕುಡಿದ್ಲಾ ಅಪ್ಪಾ?"

"ಕುಡಿದ್ಲವ್ವಾ. ನಾವ್ಯಾರೂ ಮುಟ್ಟಲಿಲ್ಲ, ಅಷ್ಟೂ ಅವಳಿಗೇ. ಗುಟುಕು ಕುಡಿದು ಬಿಂದಿಗೆ ಕೆಳಗಿಟ್ಲು. ಆಮ್ಯಾಲೆ ಅಂದ್ಲು, 'ಇದೂ ನಮ್ಮ ಬಾವಿ ನೀರಿನಂಗೇ ಸವಳು ಐತಲ್ಲೋ. ಪಾಪ, ಆ ಕೂಸು ಅಲ್ಲಿಗೆ ಹೋಗಿನೂ ಇದನ್ನೇ ಕುಡಿಯಂಗಾತು.' ಸಾಯೋ ತನಕ ಅದನ್ನೇ ಹೇಳಿ ಮರುಗಿದ್ಲು."

ನನಗೆ ಅಳು ಬರಲಿಲ್ಲ. ಹೇಸಿಗೆಯಾಯಿತು. ಇಷ್ಟು ದಿನ ಊರಿನ ಗಂಡಸರ ಮೇಲೆ ಬಂದಿದ್ದ ಹೇಸಿಗೆ ಅಷ್ಟೂ ತಿರುಗಿ ನನ್ನ ಮೇಲೆಯೇ ಬಂತು. ಹೊಲಸು ಕಂಡ ದಿನವೇ ಬಾಯಿಬಿಟ್ಟು ಹೇಳಿ, ಅಪ್ಪನನ್ನು ಹರಿಗೋಲಿನಲ್ಲಿ ಕೂರಿಸಿ ಊರಿಗಿಂತ ಬಹಳ ಮೇಲೆ, ಜನ ಇಳಿಯದ ಮಡುವಿಗೆ ಕಳಿಸಿದ್ದರೆ ಅಲ್ಲಿ ಒಳ್ಳೆಯ ನೀರು ಸಿಗುತ್ತಿತ್ತು. ಊರಿನ ಮಾನ, ನನ್ನ ಮಾನ ಎಂದು ಮುಚ್ಚಿಟ್ಟು ಮುದುಕಿಗೆ ಬಚ್ಚಲಿಗೆ ಸೇದುವ ಸವಳು ನೀರು ಕುಡಿಸಿದ್ದೆ.

ಬಿಸಿಲಲ್ಲಿ ನಡೆದು ಬಂದ ಅಪ್ಪನಿಗೆ ಬಾಯಾರಿತ್ತು. ಬೊಗಸೆ ಒಡ್ಡಿದರು. ಬಿಂದಿಗೆ ಬಗ್ಗಿಸಿದೆ. ಕುಡಿದರು, ನಿಂತರು, ಮತ್ತೆ ಬೊಗಸೆ ಒಡ್ಡಿ ಕುಡಿದರು.

"ಇದು ಎಳನೀರಿನಂಗೆ ಸಿಹಿ ಐತಲ್ಲವ್ವಾ!" ಎಂದರು. ಬಾಯೊರೆಸಿಕೊಳ್ಳುತ್ತಾ ತಾವೇ ಸಮಾಧಾನ ಹೇಳಿಕೊಂಡರು. "ಪಾಪ, ಮುದುಕಿ ನಾಲಿಗೆನೇ ಕೆಟ್ಟು ಹೋಗಿತ್ತು ಕಾಣ್ತೈತೆ."

ಅಜ್ಜಿಯ ನಾಲಿಗೆ ಕೊನೆಯ ತನಕ ನೆಟ್ಟಗಿತ್ತು. ಅದನ್ನು ಹೇಳಬೇಕಾದವಳು ನಾನೊಬ್ಬಳೇ. ನಾನು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಾ, "ಹೂಂ ಅಪ್ಪಾ, ಇರಬೇಕು" ಎಂದೆ.