ತವರಿನ ಹೆಸರಿನ ಖಾನೆ

ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆ ಶಾಖೆಯಿದ್ದ ಒಂದು ಸಣ್ಣ ಖಾಸಗಿ ದವಾಖಾನೆಯ ಕಂಪ್ಯೂಟರ್ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ರೋಗಿಗಳ ಡೇಟಾಬೇಸ್ ಉಬ್ಬುತ್ತಾ ಹೋಗಿ ಡಿಸ್ಕ್ ತುಂಬಲು ಬಂದಾಗ ಅದನ್ನು ಅಡಕ ಮಾಡುವ ಯೋಜನೆಯನ್ನು ನಾನೇ ಬರೆದೆ. ಜಾಗ ಉಳಿಸುವುದೆಂದರೆ ನನಗೆ ಒಂದು ಚಟ. ಮಂಠಾಳ, ಹುಲಸೂರ ಎಂದು ಊರ ಹೆಸರನ್ನು ಸಾಲುಸಾಲಿಗೂ ಪೂರ್ತಿ ಬರೆದಿದ್ದು ಕಂಡರೆ ಮೈ ಉರಿಯುತ್ತಿತ್ತು. ಊರುಗಳಿಗೆ ಬೇರೆ ಕೋಷ್ಟಕ ಮಾಡಿ, ಸಾಲಿನಲ್ಲಿ ಬರೀ ಸಂಖ್ಯೆ ಇಟ್ಟರಾಯಿತು ಎಂದು ಬರೆದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಕೊನೆಯಲ್ಲಿ ‘ತವರಿನ ಹೆಸರು’ ಎಂಬ ಖಾನೆ ಕಣ್ಣಿಗೆ ಬಿತ್ತು. ಮುಕ್ಕಾಲು ಪಾಲು ಖಾಲಿ. ತೆಗೆಯುವ ಪಟ್ಟಿಗೆ ಸೇರಿಸಿದೆ. ಬಸವಕಲ್ಯಾಣದ ಶಾಖೆಯಲ್ಲಿ ರೋಗಿಗಳ ಹೆಸರು ಬರೆದು ಚೀಟಿ ಮಾಡಿಕೊಡುತ್ತಿದ್ದ ಹಿರಿಯ ಹೆಂಗಸು ತಡೆದರು.

“ಅದನ್ನ ತೆಗೀಬ್ಯಾಡ್ರಿ ಸರ್. ನಮ್ ಕಡಿ ಎಷ್ಟೋ ಮನ್ಯಾಗ ಲಗ್ನದಾಗ ಹುಡುಗಿ ಹೆಸರೇ ಬದಲ್ ಮಾಡ್ತಾರ. ಹಳೀ ದಾಖಲಿ ಹುಡುಕಬೇಕಂದ್ರ ಅದೇ ಹೆಸರು ಬೇಕ್ರಿ.”

“ಈಗೆಲ್ಲಾ ಮೊಬೈಲ್ ನಂಬರ್ ಅದಾವಲ್ರೀ ಅಕ್ಕಾ. ಯಾವ ಕಾಲದಾಗ ಅದೀರಿ?” ಎಂದು ನಕ್ಕೆ.

ಅವರು ಮುಂದಿನ ಚೀಟಿ ಮಾಡಲು ತಿರುಗಿದರು. ನನ್ನ ಹೆಂಡತಿಗೂ ಮದುವೆಯಲ್ಲಿ ಹೊಸ ಹೆಸರಿಟ್ಟಿದ್ದರು. ತಟ್ಟೆಯ ಅಕ್ಕಿಯಲ್ಲಿ ಅದನ್ನು ಬೆರಳಿನಿಂದ ಬರೆದವನು ನಾನೇ. ಆದರೂ ತಲೆಗೆ ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಘಾಟಬೋರಾಳದ ಸೊಸೆಯೊಬ್ಬಳು ಜ್ವರವೆಂದು ಹುಮನಾಬಾದಿನ ಶಾಖೆಗೆ ಬಂದಳು. ತವರು ಬಸವಕಲ್ಯಾಣ. ಹುಡುಗಿಯಾಗಿದ್ದಾಗ ಅಲ್ಲಿನ ನಮ್ಮ ಶಾಖೆಯಲ್ಲಿ ಕೊಟ್ಟ ಒಂದು ಇಂಜೆಕ್ಷನ್ ಅವಳಿಗೆ ಆಗಿಬಂದಿರಲಿಲ್ಲ. ಆ ಎಚ್ಚರಿಕೆ ಇದ್ದದ್ದು ತವರಿನ ಹೆಸರಿನ ದಾಖಲೆಯಲ್ಲಿ. ಅದರಲ್ಲಿದ್ದ ಮೊಬೈಲ್ ನಂಬರ್ ಅಪ್ಪನದು, ಈಗಿನದು ಗಂಡನದು. ಮದುವೆಯ ನಂತರ ಮಾಡಿದ ಹೊಸ ದಾಖಲೆಯಿಂದ ಅಲ್ಲಿಗೆ ಹೋಗಲು ಇದ್ದದ್ದು ಆ ಖಾನೆಯೊಂದೇ, ಅದನ್ನು ನಾನು ಕಿತ್ತಿದ್ದೆ. ಡಾಕ್ಟರಿಗೆ ಪರದೆಯ ಮೇಲೆ ಏನೂ ಕಾಣಲಿಲ್ಲ. ಅದೇ ಇಂಜೆಕ್ಷನ್ ಕೊಟ್ಟರು. ಮುಖ ಬಾತು, ಉಸಿರು ಸಿಕ್ಕಿಕೊಂಡು, ಮೂರು ದಿನ ಮಲಗಿದಳು. ಬದುಕಿದಳು, ಅಷ್ಟೇ ನನ್ನ ಪುಣ್ಯ.

ಹಳೆಯ ಬ್ಯಾಕಪ್ಪಿನಿಂದ ಆ ಖಾನೆಯನ್ನು ಅವತ್ತೇ ವಾಪಸ್ ತಂದೆ. ಮೊದಲೇ ಮಾಡಬೇಕಿದ್ದ ಅಳತೆಯನ್ನು ಆಮೇಲೆ ಮಾಡಿದೆ. ನಾವು ಬಳಸುವ ಡೇಟಾಬೇಸಿನಲ್ಲಿ ಖಾಲಿ ಖಾನೆ ಜಾಗ ಹಿಡಿಯುವುದೇ ಇಲ್ಲ ಎನ್ನಬೇಕು. ತುಂಬಿದ್ದ ಹೆಸರುಗಳೆಲ್ಲ ಸೇರಿದರೂ ಒಂದು ಎಕ್ಸ್‌ರೇ ಚಿತ್ರದಷ್ಟು ಆಗುತ್ತಿರಲಿಲ್ಲ. ನನ್ನ ಜಾಣತನಕ್ಕೆ ನನಗೇ ಹೇಸಿಗೆಯಾಯಿತು.

ಅವಳನ್ನು ನೋಡಲು ಹೋದೆ. ಹಾಸಿಗೆಯ ಮೇಲೆ ಎದ್ದು ಕೂತಿದ್ದಳು, ಪಕ್ಕದಲ್ಲಿ ಅತ್ತೆ. ಇಲ್ಲಿಯ ಕಂಪ್ಯೂಟರ್ ಕೆಲಸದವನು ಎಂದಷ್ಟೇ ಹೇಳಿಕೊಂಡೆ.

“ಡಾಕ್ಟರ್‌ಗ ಏನೂ ಅನಬ್ಯಾಡ್ರಿ ಅಣ್ಣಾ,” ಎಂದಳು. “ತಪ್ಪು ನಂದೇ ಐತಿ. ಆ ಸೂಜಿ ಹೆಸರು ನಾ ನೆನಪಿಟ್ಟಿಲ್ಲ. ಮನ್ಯಾಗೂ ಎಲ್ಲಾರೂ ಅದನ್ನೇ ಅನ್ನಾಕತ್ತಾರ.”

ಅತ್ತೆ ಹೌದೆಂದು ತಲೆಯಾಡಿಸಿದರು. ಅಲ್ಲ, ತಪ್ಪು ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಆರಾಮ ಮಾಡ್ರಿ” ಎಂದು ಹೇಳಿ ಹೊರಬಂದೆ. ಆ ಮನೆಯಲ್ಲಿ ಇವತ್ತಿಗೂ ಅದು ಅವಳದೇ ತಪ್ಪು.