ಗಿರಿ ಸಾರ್ ಹೊಟ್ಟೆ ಸವರಿಕೊಂಡ ದಿನ

ವೆಂಕಟಗಿರಿ ಮೂವತ್ತೊಂದು ವರ್ಷ ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಅಷ್ಟೂ ವರ್ಷ ಅವರು ಎಲ್ಲರನ್ನೂ ಸಾರ್ ಎಂದರು. ಅವರನ್ನು ಯಾರೂ ಹಾಗೆ ಕರೆಯಲಿಲ್ಲ. ಲೆಕ್ಚರರುಗಳಿಗೆ ಅವರು ಗಿರಿ, ಹುಡುಗರಿಗೆ ಗಿರಿಯಣ್ಣ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಾತ್ರ ಹುಡುಗರು ಅವರನ್ನು ಮನೆದೇವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಅದಕ್ಕೆ ಕಾರಣವಿತ್ತು. ಪ್ರಾಕ್ಟಿಕಲ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಪುಡಿ ಕೊಟ್ಟು, ಇದು ಯಾವ ಲವಣ ಕಂಡುಹಿಡಿ ಎನ್ನುತ್ತಾರೆ. ಪೊಟ್ಟಣ ಕಟ್ಟಿದವರು ಗಿರಿ. ಹೊರಗಿನ ಪರೀಕ್ಷಕರು ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ ಅವರು ಬಟ್ಟೆ ಹಿಡಿದು ಬೆಂಚು ಒರೆಸಲು ಹೊರಡುತ್ತಿದ್ದರು. ಒರೆಸುತ್ತ ಕಿವಿ ಮುಟ್ಟಿಕೊಂಡರೆ ಕ್ಲೋರೈಡ್, ಮೂಗು ಉಜ್ಜಿಕೊಂಡರೆ ಸಲ್ಫೇಟ್. ಇದಕ್ಕಾಗಿ ಅವರು ಯಾರಿಂದಲೂ ಒಂದು ಕಾಫಿಯನ್ನೂ ಕುಡಿದವರಲ್ಲ. ಪಾಪ ಮಕ್ಕಳು ಎನ್ನುವುದಷ್ಟೇ ಅವರ ಸಿದ್ಧಾಂತ. ಅವರಿಗೆ ನೆಗಡಿಯಾದ ವರ್ಷ ಇಡೀ ಬ್ಯಾಚು ಸಲ್ಫೇಟ್ ಎಂದು ಬರೆದಿತ್ತು ಎಂಬ ಮಾತಿದೆ. ಗಿರಿ ಅದನ್ನು ಒಪ್ಪುವುದಿಲ್ಲ.

ನಿವೃತ್ತರಾದ ಮೇಲೆ ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಮೂರು ವರ್ಷ ಪೇಪರ್ ಓದಿ ಸಾಕಾಗಿದ್ದ ಅವರನ್ನು ಬಸವೇಶ್ವರನಗರದ ನಮ್ಮ ಬಡಾವಣೆ ಸಂಘದ ಬೇಸಿಗೆ ಶಿಬಿರಕ್ಕೆ ಕರೆತಂದವರು ಅಧ್ಯಕ್ಷ ಭೈರೇಶ್. ಈ ಬಡಾವಣೆ ಹೊಲವಾಗಿದ್ದಾಗ ಅದು ಭೈರೇಶರ ತಾತನದು. ಈಗಲೂ ಅವರು ನಮ್ಮ ರಸ್ತೆಗಳಲ್ಲಿ ರಾಗಿ ತೆನೆ ಕಟ್ಟಿದೆಯೋ ಇಲ್ಲವೋ ನೋಡಲು ಬಂದವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಅವರಿಗೆ ಬೇಕಾಗಿದ್ದದ್ದು ರೊಬೊಟಿಕ್ಸ್. ರೊಬೊಟಿಕ್ಸ್‌ನವರು ಏಸಿ ಹಾಲ್ ಕೇಳಿದರು. ಸಂಘದ ಹಾಲಿನಲ್ಲಿ ಇರುವ ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತದೆ. ಹಾಗಾಗಿ ಈ ವರ್ಷ ಕೆಮಿಸ್ಟ್ರಿಯಲ್ಲೇ ಸುಧಾರಿಸಿಕೊಳ್ಳುವುದೆಂದಾಯಿತು. ಶಿಬಿರದ ಕಡೆಯ ದಿನ ಮುಖ್ಯ ಅತಿಥಿಗಳ ಎದುರು ಮಕ್ಕಳು ನಾಲ್ಕು ಬಿಳಿ ಪುಡಿಗಳನ್ನು ಪರೀಕ್ಷಿಸಿ ಹೆಸರು ಹೇಳಬೇಕು. ಹೇಳಿದರೆ ಮುಂದಿನ ವರ್ಷವೂ ಗಿರಿ, ತಪ್ಪಿದರೆ ಏಸಿ ಹಾಕಿಸಿ ರೊಬೊಟಿಕ್ಸ್. ಉದ್ಘಾಟನೆಯ ದಿನವೇ ಅಧ್ಯಕ್ಷರು ಇದನ್ನು ಮೈಕಿನಲ್ಲಿ ಸಾರಿದರು. ಸಮಿತಿಯಲ್ಲಿ ನನಗೆ ಸಿಕ್ಕ ಖಾತೆ ಮಜ್ಜಿಗೆ ಹಂಚುವುದು. ಅದರಿಂದಾಗಿ ಎಲ್ಲವನ್ನೂ ಹತ್ತಿರದಿಂದ ನೋಡಿದೆ.

ಮೊದಲ ದಿನ ಇಪ್ಪತ್ತೆರಡು ಮಕ್ಕಳು ಎದ್ದು ನಿಂತು ಗುಡ್ ಮಾರ್ನಿಂಗ್ ಸಾರ್ ಎಂದಾಗ ಗಿರಿ ಹಿಂದಕ್ಕೆ ತಿರುಗಿ, ಯಾರು ಬಂದರು ಎಂದು ನೋಡಿದರು. ಯಾರೂ ಇರಲಿಲ್ಲ. ಮಾರನೆಯ ದಿನದಿಂದ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹತ್ತು ನಿಮಿಷ ಮೊದಲೇ ಬರತೊಡಗಿದರು.

ಪಾಠ ಚೆನ್ನಾಗಿತ್ತು. ಬಾಯಿಗೆ ಏನನ್ನೂ ಇಡಬಾರದು ಎನ್ನುವುದೊಂದೇ ಕಾನೂನು. ಮಿಕ್ಕಿದ್ದೆಲ್ಲ ಮಕ್ಕಳ ಕೈಗೆ. ಅರಿಶಿನ ಬಳಿದ ಕಾಗದಕ್ಕೆ ಸುಣ್ಣದ ನೀರು ತಾಗಿಸಿದರೆ ಕೆಂಪಾಯಿತು. ಇದು ನಮ್ಮಜ್ಜಿ ಮಾಡೋ ಆರತಿ ನೀರು ಎಂದು ನಾಲ್ಕು ಮಕ್ಕಳು ಒಟ್ಟಿಗೆ ಹೇಳಿದರು. ಸೋಡಾಪುಡಿಗೆ ನಿಂಬೆರಸ ಬಿಟ್ಟರೆ ಬುಸ್ಸೆಂದು ನೊರೆ ಬಂತು. ಅನ್ನದ ಅಗುಳಿಗೆ ಮೆಡಿಕಲ್ ಸ್ಟೋರಿನ ಅಯೋಡಿನ್ ಬಿಟ್ಟರೆ ಕಪ್ಪು ನೀಲಿ. ಸಕ್ಕರೆಯನ್ನು ಚಮಚದಲ್ಲಿ ಕಾಯಿಸಿದಾಗ ಬಂದ ವಾಸನೆಗೆ ಕೆಳಗಿನ ಪಾರ್ಕಿನಿಂದ ಅಧ್ಯಕ್ಷರೇ ಮೇಲೆ ಬಂದು, ಸಿಹಿ ಏನಾದರೂ ಮಾಡುತ್ತಿದ್ದೀರಾ ಎಂದು ವಿಚಾರಿಸಿಕೊಂಡು ಹೋದರು.

ತೊಂದರೆ ಶುರುವಾದದ್ದು ಗುರುತು ಹೇಳದೆ ಪುಡಿ ಕೊಟ್ಟ ದಿನ. ಮಕ್ಕಳು ಒಂದು ನಿಮಿಷ ತಡವರಿಸಿದರೆ ಸಾಕು, ಗಿರಿಯವರ ಕೈ ತಡೆಯುತ್ತಿರಲಿಲ್ಲ. ಉಪ್ಪಾದರೆ ಹಣೆಯ ಬೆವರು ಒರೆಸಿಕೊಂಡರು. ಸಕ್ಕರೆಯಾದರೆ ತೋಳಿನ ಮೇಲೆ ಇಲ್ಲದ ಇರುವೆ ಕೊಡವಿದರು. ಸುಣ್ಣವಾದರೆ ಎಲೆಯಡಿಕೆ ಹಾಕಿದವರ ಹಾಗೆ ಕೆನ್ನೆ ಉಬ್ಬಿಸಿದರು. ಸೋಡಾ ಆದರೆ ತೇಗು ಬರುವವರ ಹಾಗೆ ಹೊಟ್ಟೆ ಸವರಿಕೊಂಡರು. ಮೂರೇ ದಿನದಲ್ಲಿ ಇಪ್ಪತ್ತೊಂದು ಮಕ್ಕಳು ಪುಡಿ ನೋಡುವುದನ್ನು ಬಿಟ್ಟು ಗಿರಿಯವರನ್ನೇ ನೋಡತೊಡಗಿದರು. ಉತ್ತರಗಳೆಲ್ಲ ಸರಿ ಬಂದವು. ಭೈರೇಶ್ ಬಹಳ ಸಂತೋಷಪಟ್ಟರು.

ಇಪ್ಪತ್ತೆರಡನೆಯವಳು ಚೈತನ್ಯಾ. ಐದನೇ ಕ್ಲಾಸು ಮುಗಿಸಿದ ಹುಡುಗಿ, ಮೂರನೇ ಕ್ರಾಸಿನ ಮಹಡಿ ಪೋರ್ಷನ್‌ನವಳು. ಒಂದು ದಿನ ಮಜ್ಜಿಗೆ ಲೋಟ ಹಿಡಿದು ನೇರ ಗಿರಿಯವರ ಹತ್ತಿರ ಹೋದಳು.

"ಸಾರ್, ನೀವು ಹೇಳ್ಕೊಡ್ತೀರಲ್ಲ, ಆಮೇಲೆ ನಮಗೆ ಕಂಡುಹಿಡಿಯೋಕೆ ಏನಿರುತ್ತೆ?"

ಗಿರಿಯವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾನೇನೂ ಹೇಳಿಲ್ವಲ್ಲಮ್ಮ ಎಂದರು. ಅವಳು ಬೆವರು ಒರೆಸಿ, ಇರುವೆ ಕೊಡವಿ, ಕೆನ್ನೆ ಉಬ್ಬಿಸಿ, ಹೊಟ್ಟೆ ಸವರಿ ತೋರಿಸಿದಳು. ಆಯ್ತು, ಇನ್ನು ಮೇಲೆ ಇಲ್ಲ ಎಂದು ಗಿರಿ ಅವಳಿಗೆ ಮಾತು ಕೊಟ್ಟರು. ಎರಡು ದಿನ ಮಾತು ಉಳಿಸಿಕೊಂಡರು ಕೂಡ. ಆ ಎರಡು ದಿನ ಅರ್ಧಕ್ಕರ್ಧ ಉತ್ತರಗಳು ತಪ್ಪಾದವು.

ಭೈರೇಶ್ ಗಾಬರಿಯಾದರು. ಬಡಾವಣೆಯ ಮಕ್ಕಳು ಅತಿಥಿಗಳ ಎದುರು ಸೋಲುವುದೆಂದರೆ ಬಡಾವಣೆಯ ಮಾನದ ಪ್ರಶ್ನೆ. ಸ್ಪರ್ಧೆ ಪ್ರಾಮಾಣಿಕವಾಗಿ ನಡೆಯಬೇಕೆಂದು ನಾಲ್ಕು ಪೊಟ್ಟಣಗಳನ್ನೂ ತಾವೇ ಕಟ್ಟಿ ಅಂಟು ಹಚ್ಚಿದರು. ಮತ್ತೆ, ಯಾವ ನಂಬರಿನಲ್ಲಿ ಏನಿದೆ ಎಂದು ಬರೆದ ಚೀಟಿಯನ್ನು ಅಷ್ಟೇ ಪ್ರಾಮಾಣಿಕವಾಗಿ ಗಿರಿಯವರ ಜೇಬಿಗೆ ತುರುಕಿದರು. "ಸ್ವಲ್ಪ ನೋಡ್ಕೊಳ್ಳಿ ಗಿರಿ. ಮುಂದಿನ ವರ್ಷದ ವಿಷಯ ನಿಮ್ಮ ಕೈಲೇ ಇದೆ."

ಕಡೆಯ ದಿನ ಹಾಲು ತುಂಬಿತ್ತು. ಮುಖ್ಯ ಅತಿಥಿಗಳಾಗಿ ಬಂದಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ತಿರುಗುವ ಫ್ಯಾನಿನ ಕೆಳಗೆ ಕುಳಿತರು. ಉಪ್ಪು, ಸಕ್ಕರೆ, ಸುಣ್ಣ ಮೂರನ್ನೂ ಮಕ್ಕಳು ಸರಿಯಾಗಿ ಹೇಳಿದರು. ಗಿರಿ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಒಂದು ಬೆರಳೂ ಅಲ್ಲಾಡಲಿಲ್ಲ. ನಾಲ್ಕನೆಯ ಪೊಟ್ಟಣ ಚೈತನ್ಯಾಳ ಪಾಲಿಗೆ ಬಂತು.

ಅವಳು ನಿಂಬೆರಸ ಬಿಟ್ಟಳು. ನೋಡಿದಳು. ಮತ್ತೆ ಬಿಟ್ಟಳು. ಟ್ಯೂಬನ್ನು ಕಣ್ಣಿನ ಹತ್ತಿರ ಹಿಡಿದಳು. ಒಂದು ನಿಮಿಷವಾಯಿತು, ಎರಡಾಯಿತು. ಅತಿಥಿಗಳು ಗಡಿಯಾರ ನೋಡಿಕೊಂಡರು, ಭೈರೇಶ್ ಗಿರಿಯವರನ್ನು ನೋಡಿದರು. ಹೆಸರು ಹೇಳಿದರೆ ಗಿರಿ ಸಾರ್, ಇಲ್ಲದಿದ್ದರೆ ಮತ್ತೆ ಪೇಪರ್ ಓದುವ ಗಿರಿ. ಮೂವತ್ತೊಂದು ವರ್ಷದ ಅಭ್ಯಾಸ ಎರಡು ದಿನದ ಮಾತಿಗೆ ಎಲ್ಲಿ ಬಗ್ಗೀತು? ಕಟ್ಟಿದ್ದ ಕೈ ಬಿಚ್ಚಿತು. ಮೆಲ್ಲಗೆ ಹೊಟ್ಟೆ ಸವರಿತು.

ಚೈತನ್ಯಾ ನೋಡಿದಳು. ಅವಳ ಮುಂದೆ ಮೈಕಿತ್ತು.

"ನೀವು ಹೊಟ್ಟೆ ಸವರ್ತಾ ಇದೀರ ಸಾರ್. ಆದ್ರೆ ಇದು ಸೋಡಾ ಅಲ್ಲ. ನೊರೆನೇ ಬರ್ಲಿಲ್ಲ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಭೈರೇಶ್ ಎದ್ದು, ಸೋಡಾನೇ, ಸ್ವತಃ ನಾನೇ ಕಟ್ಟಿದ್ದು ಎಂದು ಘೋಷಿಸಿದರು. ಗಿರಿ ಕೆಂಪಾಗಿ ಹೋಗಿದ್ದರು. ಅವರು ಓಡಿಹೋಗುತ್ತಾರೆಂದೇ ನಾನು ಅಂದುಕೊಂಡೆ. ಅವರು ಮೇಜಿನ ಹತ್ತಿರ ಬಂದು ಪುಡಿಯನ್ನು ನೋಡಿ, ಮುಂದಿನ ಪರೀಕ್ಷೆ ಏನಮ್ಮ ಎಂದು ಕೇಳಿದರು. ಚೈತನ್ಯಾ ಚಿಟಿಕೆ ಪುಡಿಗೆ ಒಂದು ತೊಟ್ಟು ಅಯೋಡಿನ್ ಬಿಟ್ಟಳು. ಕಪ್ಪು ನೀಲಿಯಾಯಿತು.

"ಹಿಟ್ಟು," ಎಂದಳು.

ಎರಡನೇ ಸಾಲಿನಿಂದ ಭೈರೇಶರ ಮನೆಯವರು ವೆಂಕಟಲಕ್ಷ್ಮಮ್ಮ ಬಗ್ಗಿ ನೋಡಿ, ಯಾವ ಡಬ್ಬದಿಂದ ತಂದ್ರಿ ಎಂದು ಗಂಡನನ್ನು ಕೇಳಿದರು. ಸೋಡಾ ಅಂತ ಬರೆದಿರೋ ಡಬ್ಬದಿಂದ ಎಂದರು ಭೈರೇಶ್.

"ಅದು ರಂಗೋಲಿಗೆ ಇಟ್ಟಿದ್ದ ಅಕ್ಕಿಹಿಟ್ಟು. ಬರೆದಿರೋದೇ ಒಳಗಿರ್ಬೇಕು ಅಂತ ನಿಮಗೆ ಯಾರು ಹೇಳಿದ್ದು?"

ಹೆಂಗಸರ ಸಾಲಿನಲ್ಲಿ ಒಬ್ಬರೂ ಇದರಲ್ಲಿ ತಪ್ಪು ಕಾಣಲಿಲ್ಲ. ಎಲ್ಲರ ಮನೆಯಲ್ಲೂ ಸಾರಿನಪುಡಿ ಇರುವುದು ಹಾಲಿನಪುಡಿಯ ಡಬ್ಬದಲ್ಲೇ.

ಭೈರೇಶ್ ಮೈಕ್ ತೆಗೆದುಕೊಂಡು, ಮಕ್ಕಳ ಬುದ್ಧಿ ಪರೀಕ್ಷಿಸಲು ತಾವು ಬೇಕೆಂದೇ ಹೀಗೆ ಮಾಡಿದ್ದಾಗಿಯೂ ಮುಂದಿನ ವರ್ಷವೂ ಕೆಮಿಸ್ಟ್ರಿಯೇ ಎಂದೂ ತಿಳಿಸಿದರು. ಜೋರು ಚಪ್ಪಾಳೆ ಬಿತ್ತು.

ಜನ ಹೋದ ಮೇಲೆ ಗಿರಿ ಮತ್ತು ಚೈತನ್ಯಾ ನಲ್ಲಿಯ ಹತ್ತಿರ ಗಾಜು ತೊಳೆಯುತ್ತಿದ್ದರು. ಕಾಲೇಜಿನಲ್ಲೂ ಹೀಗೆ ತಪ್ಪು ಹೇಳಿಕೊಟ್ಟಿದ್ರಾ ಸಾರ್ ಎಂದು ಅವಳು ಕೇಳಿದಳು. ಗಿರಿ ಒಂದು ಟೆಸ್ಟ್ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು.

"ಗೊತ್ತಿಲ್ಲ ಕಣಮ್ಮ. ಅಲ್ಲಿ ಯಾರೂ ನಿನ್ನ ಹಾಗೆ ಟ್ಯೂಬ್ ನೋಡ್ಲಿಲ್ಲ."