ಉರಿಯುವ ಭಟ್ಟಿ ಆರಿಸಿದ ಕಥೆ

ನಮ್ಮ ಭಾವನಿಗೆ ಮೀಟರುಗಳೆಂದರೆ ಆಗುತ್ತಿರಲಿಲ್ಲ. ಜ್ವರ ಬಂದಾಗ ಅಕ್ಕ ಥರ್ಮಾಮೀಟರು ಹಿಡಿದು ಬಂದರೂ ಮುಖ ತಿರುಗಿಸಿ, "ನನ್ನ ಮೈ ಕಾವು ನನಗೆ ಗೊತ್ತಿಲ್ವೇನೇ?" ಎನ್ನುತ್ತಿದ್ದರು.

ಹೇಳುವ ಹಕ್ಕು ಅವರಿಗಿತ್ತು ಬಿಡಿ. ಸುಣ್ಣದ ಭಟ್ಟಿಯ ಮುಂದೆ ಇಪ್ಪತ್ತಾರು ವರ್ಷ ನಿಂತವರು. ಗೋಡೆಯ ಕಿಂಡಿಗೆ ಒಂದು ಕಣ್ಣಿಟ್ಟು, ಬೆಂಕಿಯ ಬಣ್ಣ ನೋಡಿ, "ಎರಡು ಬುಟ್ಟಿ" ಎಂದರೆ ಎರಡೇ ಬುಟ್ಟಿ ಕಲ್ಲಿದ್ದಲು. ಮೂರನೆಯದು ಸುರಿದವನ ಗ್ರಹಚಾರ ಅಲ್ಲೇ ಬಿಡಿಸುತ್ತಿದ್ದರು. ಊರ ಹಿಂದಿನ ಗುಡ್ಡವೆಲ್ಲ ಸುಣ್ಣದಕಲ್ಲು, ಗುಡ್ಡದ ಬುಡದಲ್ಲಿ ಭಟ್ಟಿ, ಭಟ್ಟಿಯಿಂದ ಇಡೀ ಊರಿನ ಹೊಟ್ಟೆಪಾಡು. ಆ ಕಂಪನಿಯ ಆಫೀಸಿನಲ್ಲಿ ನಾನು ಗುಮಾಸ್ತ.

ಹೀಗಿರುವಾಗ ನಮ್ಮ ಸುಣ್ಣ ಕೊಳ್ಳುವ ದೂರದ ದೇಶದವರಿಗೆ ಭೂಮಿ ಬಿಸಿಯಾಗುತ್ತಿದೆಯೆಂದು ಜ್ಞಾನೋದಯವಾಯಿತು. ಒಂದೊಂದು ಚೀಲ ಸುಣ್ಣಕ್ಕೆ ಎಷ್ಟು ಹೊಗೆ ಎಬ್ಬಿಸಿದ್ದೀರಿ, ಬರೆದು ಕೊಡಿ. ಹೊಗೆ ಹೆಚ್ಚಿದ್ದರೆ ಗಡಿಯಲ್ಲೇ ತೆರಿಗೆ ಎಂದರು. ಲೆಕ್ಕ ಕೊಡದಿದ್ದರೆ ಅವರೇ ಒಂದು ಅಂಕಿ ಬರೆದುಕೊಳ್ಳುತ್ತಾರಂತೆ, ಅದೂ ಲೋಕದ ಅತಿ ಕೊಳಕು ಭಟ್ಟಿಯ ಅಂಕಿ. ನನಗೇನೋ ಖುಷಿಯೇ ಆಯಿತು. ಸುತ್ತಮುತ್ತ ನಮ್ಮಷ್ಟು ಕಡಿಮೆ ಕಲ್ಲಿದ್ದಲಲ್ಲಿ ಸುಣ್ಣ ಬೇಯಿಸುವವರು ಯಾರೂ ಇರಲಿಲ್ಲ. ಅಳೆದರೆ ನಾವೇ ಗೆಲ್ಲುತ್ತಿದ್ದೆವು. ಗೆದ್ದರೆ ಭಟ್ಟಿ ಉಳಿಯುತ್ತಿತ್ತು, ಸೋತರೆ ಮುಚ್ಚುತ್ತಿತ್ತು, ಅಷ್ಟೇ.

ಆದರೆ ನಮ್ಮ ಮ್ಯಾನೇಜರ್ ಬುದ್ಧಿವಂತರು. ಸುಮ್ಮನೆ ಗೆಲ್ಲುವುದು ಅವರ ಜಾಯಮಾನವಲ್ಲ. ಗಿರಾಕಿಗಳ ಪರವಾಗಿ ಹೊಗೆ ಅಳೆಯುವವರು ಬರುವ ತಾರೀಖು ತಿಳಿದ ಕೂಡಲೇ ಭಾವನನ್ನು ಕರೆಸಿದರು.

"ಒಂದು ವಾರ ಮೊದಲೇ ಭಟ್ಟಿ ಆರಿಸಿಬಿಡಿ. ಹೊಗೆನೇ ಇಲ್ಲ ಅಂದ್ಮೇಲೆ ಸೊನ್ನೆ ಬರ್ಲೇಬೇಕು, ಅಲ್ವೇ?"

ಭಾವ ನಿಂತಲ್ಲೇ ಬೆವರಿದರು. "ಬೇಡಿ ಸಾರ್. ಹನ್ನೊಂದು ವರ್ಷದಿಂದ ಆರಿಲ್ಲ ಅದು. ತಣ್ಣಗಾದ ಭಟ್ಟಿ ಮತ್ತೆ ಕಾಯ್ಬೇಕಂದ್ರೆ ತಿಂಗಳ ಕಲ್ಲಿದ್ದಲನ್ನ ವಾರದಲ್ಲಿ ನುಂಗುತ್ತೆ. ಉರೀತಾ ಇರೋದನ್ನೇ ತೋರಿಸೋಣ."

"ಬೆಂಕಿ ನಿಮಗೆ ಬಿಟ್ಟಿದ್ದು, ತಲೆ ಓಡಿಸೋದು ನನಗೆ ಬಿಡಿ," ಎಂದರು ಮ್ಯಾನೇಜರ್.

ಆದೇಶ ಟೈಪ್ ಮಾಡಿದವನು ನಾನು. ಒಂದಕ್ಷರವೂ ತಪ್ಪಿರಲಿಲ್ಲ. ಭಾವ ಅದನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ.

ಅಳೆಯುವವರು ಇಬ್ಬರು ಬಂದರು. ಒಂದು ಪೆಟ್ಟಿಗೆ, ಉದ್ದನೆಯ ಕೊಳವೆ. ಅವರಲ್ಲಿ ಹಿರಿಯಾಕೆ ಭಟ್ಟಿಯ ಗೋಡೆ ಮುಟ್ಟಿ ನೋಡಿದರು. "ಉರಿಯದೇ ಇರೋದನ್ನ ಹೇಗೆ ಅಳೆಯೋದು? ಹಚ್ಚಿ. ನಾವು ಒಂದು ವಾರ ಇಲ್ಲೇ ಇರ್ತೀವಿ."

ಹಚ್ಚಿದರು. ಭಾವ ಹೇಳಿದ್ದು ಅಕ್ಷರಶಃ ನಡೆಯಿತು. ಎರಡು ಬುಟ್ಟಿಯ ಜಾಗದಲ್ಲಿ ಎಂಟು ಹೋದವು. ಊರ ತುಂಬ ಒಣಹಾಕಿದ ಬಟ್ಟೆಯೆಲ್ಲ ಕಪ್ಪಾಯಿತು. ಅಕ್ಕ ಒಂದೇ ಸೀರೆಯನ್ನು ಮೂರು ಸಲ ಒಗೆದು, ಮ್ಯಾನೇಜರ ವಂಶವನ್ನೆಲ್ಲ ಅದರ ಜೊತೆ ಒಗೆದಳು. ವಾರದ ಕೊನೆಗೆ ಪೆಟ್ಟಿಗೆ ಕೊಟ್ಟ ಅಂಕಿ ಆ ಅತಿ ಕೊಳಕು ಭಟ್ಟಿಯದನ್ನೂ ಮೀರಿಸಿತ್ತು.

"ಮೀಟರ್ ಕೆಟ್ಟಿದೆ!" ಎಂದು ಮ್ಯಾನೇಜರ್ ಕೂಗಾಡಿದರು.

"ಮೀಟರ್ ಸರಿಯಾಗೇ ಇದೆ ಸಾರ್," ಎಂದರು ಭಾವ. ಜನ್ಮದಲ್ಲಿ ಮೊದಲ ಬಾರಿ ಅವರು ಯಂತ್ರದ ಪರ ಮಾತಾಡಿದ್ದು ಅವತ್ತೇ.

ಗಿರಾಕಿಗಳು ಕೈಬಿಟ್ಟರು. ಎರಡೇ ತಿಂಗಳಲ್ಲಿ ಭಟ್ಟಿ ಮುಚ್ಚಿತು. ಅದರ ಬೆನ್ನಿಗೇ ಸರ್ಕಾರದಿಂದ ಪ್ರಶಸ್ತಿಪತ್ರ ಬಂತು: ಹೊಗೆಯನ್ನು ಪೂರ್ತಿ ಸೊನ್ನೆಗಿಳಿಸಿದ ಘಟಕ! ಮ್ಯಾನೇಜರ್‌ಗೆ ಬಡ್ತಿ ಸಿಕ್ಕಿತು. ಈಗ ಅವರು ಹವಾಮಾನದ ವಿಷಯದಲ್ಲಿ ಬೇರೆ ಕಂಪನಿಗಳಿಗೂ ಬುದ್ಧಿ ಹೇಳುತ್ತಾರೆ. ಗುಡ್ಡ ಮಾತ್ರ ಕರಗುತ್ತಲೇ ಇದೆ. ಕಂಪನಿ ಈಗ ಮಾರುವ ಹಸಿ ಕಲ್ಲು ಲಾರಿ ಹತ್ತಿ ಗಡಿ ದಾಟುತ್ತದೆ, ಹೊಗೆಯ ಲೆಕ್ಕ ಕೇಳುವವರಿಲ್ಲದ ಕಡೆ ಬೇಯುತ್ತದೆ. ಆ ಹೊಗೆ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆಕಾಶದಲ್ಲಿ ಅದಕ್ಕೆ ಪಾಸ್‌ಪೋರ್ಟು ಕೇಳುವವರೂ ಇಲ್ಲ.

ಭಾವ ಈಗ ಗೇಟಿನ ಕಾವಲುಗಾರ. ಲಾರಿ ಬಂದಾಗ ಅಡ್ಡಗೋಲು ಎತ್ತುತ್ತಾರೆ, ಹೋದ ಮೇಲೆ ಇಳಿಸುತ್ತಾರೆ.

ಪ್ರಶಸ್ತಿಪತ್ರ ತೂಗುಹಾಕುವ ಮೊದಲು ಆಫೀಸಿಗೆ ಸುಣ್ಣ ಬಳಿಸಿದೆವು. ಸುಣ್ಣ ಬಂದದ್ದು ಗಡಿಯಾಚೆಯಿಂದ. ಹಾಜರಿ ಹಾಕಲು ಬಂದ ಭಾವ ಗೋಡೆಯ ಮುಂದೆ ನಿಂತರು. ಉಗುರಿನಿಂದ ಕೆರೆದು, ಒಂದು ಕಾಳನ್ನು ಹಲ್ಲಿನಡಿ ಇಟ್ಟು ಕಡಿದರು. ಕಟಕ್ಕೆಂದು ಸದ್ದಾಯಿತು.

"ನಮ್ಮ ಗುಡ್ಡದ ಕಲ್ಲೇ ಕಣೋ," ಎಂದರು. "ಪಾಪ, ಅರ್ಧಕ್ಕೇ ಇಳಿಸಿಬಿಟ್ಟಿದಾರೆ. ಇನ್ನೊಂದು ಗಳಿಗೆ ಬೇಯ್ಬೇಕಿತ್ತು."

ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅವರು ಬಾಯಲ್ಲಿದ್ದ ಕಲ್ಲನ್ನು ಅಂಗೈಗೆ ಉಗಿದುಕೊಂಡು, ನನ್ನ ಮೇಜಿನ ಮೇಲಿಟ್ಟು, ಗೇಟು ತೆಗೆಯಲು ಹೋದರು.